ಕೆಂಪು ಬಳೆ

ಮೇಜಿನ ಮೇಲೆ ಆಡುವ ಯುದ್ಧದಾಟವೊಂದರಲ್ಲಿ ಒಂದು ಕಟ್ಟಳೆಯಿತ್ತು. ದಾಳ ಉರುಳಿ ಯಾರಿಗೆ ಗಾಯವೆಂದು ಹೇಳುತ್ತದೋ ಅವರ ಕೊರಳಿಗೆ ಕೆಂಪು ಬಳೆ ಬೀಳಬೇಕು. ಬಳೆ ಬಿದ್ದವರು ಡೇರೆಯಲ್ಲಿ ಮಲಗಬಹುದು.

ಒಮ್ಮೆ ಆಡುವವರ ಮೊಣಕೈ ತಗುಲಿ ಮಣ್ಣಿನ ಸಿಪಾಯಿಯೊಬ್ಬ ನೆಲಕ್ಕೆ ಬಿದ್ದ. ಕತ್ತಿ ಹಿಡಿದ ಕೈ ಭುಜದಿಂದಲೇ ಮುರಿದು ಮೇಜಿನಡಿ ಉಳಿಯಿತು. ಯಾರೋ ಅವನನ್ನಷ್ಟೇ ಎತ್ತಿ, ಮೇಜಿನ ಮೇಲೆ ಅವನಿದ್ದ ಚೌಕದಲ್ಲೇ ನಿಲ್ಲಿಸಿದರು.

"ಬಳೆಯಮ್ಮಾ, ನನ್ನ ಕೊರಳಿಗೆ ಬಾ. ಕೈಯೇ ಹೋಯಿತು," ಎಂದ ಸಿಪಾಯಿ.

"ದಾಳ ಹೇಳಿತೇ?" ಎಂದು ಬಳೆ ಕೇಳಿತು.

ಸಿಪಾಯಿ ದಾಳದತ್ತ ತಿರುಗಿದ. "ದಾಳಪ್ಪನವರೇ, ನೀವೇ ಕಂಡಿರಲ್ಲ!"

"ಕಂಡೆ. ಆದರೆ ನಾನು ಉರುಳದೆ ಆದ ಗಾಯ ಗಾಯವಲ್ಲ."

"ಹಾಗಾದರೆ ಈಗಲೇ ಉರುಳಿ. ನನಗೊಂದು ಗಾಯ ಕೊಡಿ," ಎಂದು ಸಿಪಾಯಿ ಅಂಗಲಾಚಿದ.

ದಾಳ ಉರುಳಿತು. ಗಾಯ ಪಕ್ಕದ ಸಿಪಾಯಿಯ ಪಾಲಾಯಿತು. ಮೈಮೇಲೆ ಒಂದು ಗೀರೂ ಇಲ್ಲದ ಅವನು ಬಳೆ ತೊಟ್ಟು, ನರಳುತ್ತ ಡೇರೆ ಸೇರಿದ.

"ಗಾಯವಿಲ್ಲದವರು ಮುಂದೆ ಬನ್ನಿ!" ಎಂದು ದಾಳ ಕೂಗಿತು.

ಕೆಳಗೆ ಪೊರಕೆಯೊಂದು ಮುರಿದ ಕೈಯನ್ನು ಕಸದೊಡನೆ ಗುಡಿಸಿಕೊಂಡು ಹೋಗುತ್ತಿತ್ತು. ಆ ಕೈ ಇನ್ನೂ ಕತ್ತಿ ಬಿಟ್ಟಿರಲಿಲ್ಲ.

ಗಾಯವಿಲ್ಲದ ಒಂಟಿಗೈ ಸಿಪಾಯಿ ಮುಂದೆ ಹೋಗಿ ನಿಂತ.