ಹಂದಿಮಾಂಸಕ್ಕೆ ಸುತ್ತಿದ ದಾರ

ಐರಿನ್ ಬಾಯಿ ಹಂದಿಮಾಂಸದೊಳಗೆ ಬ್ರೆಡ್ಡು, ಈರುಳ್ಳಿ, ಒಣದ್ರಾಕ್ಷಿ ತುಂಬಿ, ದಾರದಿಂದ ಬಿಗಿಯಾಗಿ ಕಟ್ಟಿ ಓವನ್‌ನಲ್ಲಿಟ್ಟಳು. ಕಾವು ಏರಿದಂತೆ ಒಳಗಿನ ಹೂರಣ ಉಬ್ಬಿ ದಾರವನ್ನು ಒತ್ತತೊಡಗಿತು.

“ದಾರಕ್ಕಾ, ಉಸಿರು ಕಟ್ಟುತ್ತಿದೆ, ಬಿಡಿ ನಮ್ಮನ್ನು,” ಎಂದಿತು ಒಣದ್ರಾಕ್ಷಿ.

“ಬಿಟ್ಟರೆ ಬೀಳುತ್ತೀರಿ, ಮಕ್ಕಳೇ.”

“ಇದನ್ನೇ ಎಷ್ಟು ಸಲ ಹೇಳುತ್ತೀರಿ?” ಎಂದು ಈರುಳ್ಳಿ ಮೂದಲಿಸಿತು. “ತಟ್ಟೆಗೆ ಹೋಗುವವರು ನಾವು. ನಿಮ್ಮನ್ನು ಕತ್ತರಿಸಿ ಬಿಸಾಡುತ್ತಾರೆ, ಅಷ್ಟೆ.”

ದಾರಕ್ಕೆ ಅದೇನೂ ಗೊತ್ತಿಲ್ಲದ ವಿಷಯವಲ್ಲ. ಆದರೆ ಹಿಡಿದೂ ಹಿಡಿದೂ, ಮಾತು ಕೇಳೀ ಕೇಳೀ ಅದಕ್ಕೆ ಸಾಕಾಗಿತ್ತು. ಕೊನೆಯ ಗಂಟನ್ನು ಸಡಿಲ ಬಿಟ್ಟಿತು. ಗೆದ್ದೆವೆಂದು ಹೊರಗೆ ನುಗ್ಗಿದ ಒಂದು ಹಿಡಿ ಹೂರಣ ಕೆಳಗೆ ಕರಗಿ ಕುದಿಯುತ್ತಿದ್ದ ಕೊಬ್ಬಿಗೆ ಬಿದ್ದು ಕರಕಲಾಯಿತು.

ಒಳಗೆ ಉಳಿದವು ಹಿಂದಕ್ಕೆ ಸರಿದವು. “ಅಕ್ಕಾ, ಸ್ವಲ್ಪ ಬಿಗಿ ಮಾಡಿ,” ಎಂದಿತು ಈರುಳ್ಳಿ, ಮೆಲ್ಲಗೆ.

“ಬಿಚ್ಚಿದ ಗಂಟನ್ನು ಮತ್ತೆ ಹಾಕಲು ನನಗೆ ಕೈಯಿಲ್ಲ,” ಎಂದಿತು ದಾರ. “ಉಳಿದ ಗಂಟುಗಳನ್ನು ನಾನು ನೋಡಿಕೊಳ್ಳುತ್ತೇನೆ. ಆ ತುದಿಯಲ್ಲಿ ನೀವೇ ಒಬ್ಬರನ್ನೊಬ್ಬರು ಹಿಡಿದುಕೊಳ್ಳಿ.”

ಬ್ರೆಡ್ಡಿನ ಚೂರುಗಳು ಈರುಳ್ಳಿಗೆ ಅಂಟಿಕೊಂಡವು, ಈರುಳ್ಳಿ ಒಣದ್ರಾಕ್ಷಿಯನ್ನು ತಬ್ಬಿಕೊಂಡಿತು. ಓವನ್ ಸೇರಿದ ಮೇಲೆ ಮೊದಲ ಬಾರಿಗೆ ದಾರದ ಮೇಲಿನ ಭಾರ ಸ್ವಲ್ಪ ಕಡಿಮೆಯಾಯಿತು.