ಗಿಳಿ ಒಪ್ಪಿಸಿದ ಕರಾರು

“ನಮ್ಮ ಮನೆತನ ಈ ತೋಪಿನಲ್ಲಿ ಏಳು ತಲೆಮಾರಿನಿಂದ ಮರ್ಯಾದೆಯಾಗಿ ಬಾಳಿದೆ. ಒಂದು ಕಾಳನ್ನೂ ಬಾಕಿ ಉಳಿಸಿಕೊಂಡವರಲ್ಲ ನಾವು,” ಎಂದು ಸಾಲ ಕೇಳಲು ಬಂದ ಗಿಳಿ ಕಾಗೆಗೆ ತಿಳಿಸಿತು.

ಪೊಟರೆಗಳ ಬೆಲೆ ದಿನದಿನಕ್ಕೆ ಏರುತ್ತಿದ್ದ ಕಾಲ ಅದು. ಮೊಟ್ಟೆಯಿಡಲು ಗಿಳಿಗೆ ಬೇಕಿದ್ದ ಪೊಟರೆಗೆ ಮರಕುಟಿಗ ನೂರು ತೆನೆ ಹೇಳುತ್ತಿತ್ತು.

“ನಿಮ್ಮಂಥವರಿಗೆ ಕೊಡದೆ ಇನ್ಯಾರಿಗೆ ಕೊಡಲಿ, ಅಮ್ಮನವರೇ?” ಎಂದಿತು ಕಾಗೆ. “ಹುಣ್ಣಿಮೆಯವರೆಗೆ ದಿನಕ್ಕೆ ಒಂದು ತೆನೆ ಕೊಡಿ. ಆಮೇಲೆ ಪೈರಿನ ಸ್ಥಿತಿ ನೋಡಿ ನಾನು ಹೇಳಿದಷ್ಟು. ತಪ್ಪಿದರೆ ಪೊಟರೆ ನನ್ನದು. ಎಲ್ಲಿ, ಕರಾರನ್ನು ಒಮ್ಮೆ ಹೇಳಿ ನೋಡೋಣ.”

ಗಿಳಿ ಒಂದಕ್ಷರವೂ ತಪ್ಪದೆ ಒಪ್ಪಿಸಿತು. ತನ್ನ ಉಚ್ಚಾರಣೆಯನ್ನು ತಾನೇ ಮೆಚ್ಚಿಕೊಂಡಿತು. ಪೊಟರೆ ಕೊಂಡು, ಎರಡು ಮೊಟ್ಟೆ ಇಟ್ಟು, ಕಾವಿಗೆ ಕೂತಿತು.

ಹುಣ್ಣಿಮೆ ಕಳೆದದ್ದೇ ತಡ, ಕಾಗೆ ದಿನಕ್ಕೆ ಆರು ತೆನೆ ಕೇಳಿತು. ಪೊಟರೆಯನ್ನು ಮಾರೋಣವೆಂದರೆ, ಮರಕುಟಿಗ ಕೊರೆದ ಪೊಟರೆಗಳು ಮರದ ತುಂಬ ಖಾಲಿ ಬಿದ್ದಿದ್ದವು. ಹತ್ತು ತೆನೆಗೂ ಕೊಳ್ಳುವವರಿರಲಿಲ್ಲ. ಗಿಳಿ ಬೆಳಗಿನಿಂದ ಸಂಜೆಯವರೆಗೆ ದೂರದ ಹೊಲಗಳಲ್ಲಿ ತೆನೆ ಹುಡುಕಿತು. ಮೂರನೆಯ ಸಂಜೆ ಮರಳಿದಾಗ ಮೊಟ್ಟೆಗಳು ತಣ್ಣಗಾಗಿದ್ದವು. ಆದರೂ ಅದು ಐದು ದಿನ ಅವುಗಳ ಮೇಲಿಂದ ಏಳಲಿಲ್ಲ.

ಆರನೆಯ ದಿನ ಕಾಗೆ ಬಂದು, “ಪೊಟರೆ ಬಿಡಿ, ಅಮ್ಮನವರೇ. ಕರಾರನ್ನು ನಿಮ್ಮ ಬಾಯಿಂದಲೇ ಹೇಳಿದ್ದಿರಿ,” ಎಂದಿತು.

“ಹೇಳಿದ್ದೆ. ಅರ್ಥವಾಯಿತೇ ಎಂದು ನೀವು ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ,” ಎಂದು ಗಿಳಿ ಮೊಟ್ಟೆಗಳ ಮೇಲಿಂದ ಎದ್ದಿತು. “ಪೊಟರೆ ತೆಗೆದುಕೊಳ್ಳಿ. ಆದರೆ ಮೊದಲು ಈ ಎರಡು ಮೊಟ್ಟೆಗಳ ಮುಂದೆ ನಿಂತು ಕ್ಷಮೆ ಕೇಳಿ.”