ಎಲೆ ಮುಚ್ಚಿದ ಬಟ್ಟಲು

"ಅಮ್ಮಾ, ಮರೆವಿನ ರೋಗ ಮಿದುಳಿನ ಒಂದು ಮೂಲೆಯಲ್ಲಿ ಹುಟ್ಟಿ, ಅಲ್ಲಿಗೇ ನಿಲ್ಲದೆ ಮಿದುಳನ್ನೆಲ್ಲ ಹೇಗೆ ಸುತ್ತುತ್ತದೆ? ಅಲ್ಲಿ ಕಾವಲಿಗಿರುವ ಕೋಶಗಳು ಆಗ ಏನು ಮಾಡುತ್ತಿರುತ್ತವೆ?" ಎಂದು ಮುರಿಗೇಶ ಕೇಳಿದ.

ದಾಕ್ಷಾಯಣಮ್ಮನವರು ಮುಪ್ಪಿನ ಕಾಯಿಲೆಗಳನ್ನು ನೋಡುವ ವೈದ್ಯೆ. ಮುರಿಗೇಶ ಅವರ ಬಳಿ ಕಲಿಯುತ್ತಿದ್ದ ಶಿಷ್ಯ. ಹೇಳಿದ್ದನ್ನು ಬೇಗ ಹಿಡಿಯುತ್ತಿದ್ದ. ಹಿಡಿದದ್ದನ್ನು ಅದಕ್ಕಿಂತ ಬೇಗ ಹಂಚುತ್ತಿದ್ದ.

"ಈ ಪ್ರಶ್ನೆ ಎಲ್ಲಿಂದ ಬಂತಪ್ಪ?" ಎಂದರು ಅವರು.

"ಬಳೆ ಅಂಗಡಿಯವರ ಮನೆಯಿಂದ. ಅಲ್ಲಿನ ಅಜ್ಜಿಗೆ ಮರೆವು ಹೆಚ್ಚಾಗಿದೆ. ಮೊನ್ನೆ ನೀವು ಕಳಿಸಿದಿರಲ್ಲ, ಹೋಗಿ ಮನೆಯವರನ್ನೆಲ್ಲ ಕೂರಿಸಿ ವಿವರಿಸಿದೆ. ಇದು ಒಂದರಿಂದ ಒಂದಕ್ಕೆ ಹರಡುವ ರೋಗ ಎಂದೆ. ಎಲ್ಲರೂ ಚೆನ್ನಾಗಿ ತಲೆಯಾಡಿಸಿದರು. ಇವತ್ತು ಹೋಗಿ ನೋಡುತ್ತೇನೆ, ಸೊಸೆ ಅಜ್ಜಿಯ ಕೈಯಿಂದ ಒಂದು ಲೋಟ ನೀರನ್ನೂ ತೆಗೆದುಕೊಳ್ಳುತ್ತಿಲ್ಲ. ಮೊಮ್ಮಕ್ಕಳನ್ನು ಹತ್ತಿರ ಬಿಡುತ್ತಿಲ್ಲ. ಅಜ್ಜಿ ಎಲ್ಲ ಮರೆತರೂ ಬಡಿಸುವುದನ್ನು ಮರೆತಿಲ್ಲ, ಅಮ್ಮಾ. ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇರುತ್ತಾಳೆ, ಊಟಕ್ಕೆ ಯಾರೂ ಬರುವುದಿಲ್ಲ. ಎಂಥ ಜನ ನೋಡಿ!"

"ಎಂಥ ಜನ," ಎಂದು ದಾಕ್ಷಾಯಣಮ್ಮನವರೂ ಅಂದರು. ಆಮೇಲೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಮೊಸರಿನ ಕೇರಿ ಎಂದು ಒಂದು ಕೇರಿ. ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದವು. ಎಲ್ಲ ಮನೆಯಲ್ಲೂ ಹಾಲು ಕಾಯಿಸುತ್ತಿದ್ದರು, ಎಲ್ಲ ಮನೆಯಲ್ಲೂ ಹೆಪ್ಪು ಹಾಕುತ್ತಿದ್ದರು. ಆ ಕೇರಿಯ ಮಜ್ಜಿಗೆ ಬಾರದೆ ಊರಿನಲ್ಲಿ ಯಾರೂ ಊಟ ಮುಗಿಸುತ್ತಿರಲಿಲ್ಲ.

ಕೇರಿಗೆ ಒಂದು ಪದ್ಧತಿ ಇತ್ತು. ಸಂಜೆಯಾದರೆ ಮನೆಯಿಂದ ಮನೆಗೆ ಒಂದು ಬಟ್ಟಲು ಹೋಗಬೇಕು. ಒಳಗೆ ಚಮಚೆಯಷ್ಟು ಹೆಪ್ಪು, ಮೇಲೆ ಮುತ್ತುಗದ ಎಲೆ. ಒಬ್ಬರ ಹೆಪ್ಪು ತೀರಿದ್ದರೆ ಇನ್ನೊಬ್ಬರದು ಒದಗುತ್ತಿತ್ತು. ಒಬ್ಬರ ಮೊಸರು ಹುಳಿಯಾಗಿದ್ದರೆ ಇನ್ನೊಬ್ಬರ ಸಿಹಿಮೊಸರು ಅದನ್ನು ತಿದ್ದುತ್ತಿತ್ತು. ಬಂದ ಬಟ್ಟಲನ್ನು ಬರಿದಾಗಿ ಹಿಂದಕ್ಕೆ ಕೊಡುವಂತಿರಲಿಲ್ಲ. ತಂದವರ ಎದುರಿಗೆ ಎಲೆ ಎತ್ತಿ ಒಳಗೆ ಏನಿದೆ ಎಂದು ನೋಡುವುದಂತೂ ಮರ್ಯಾದೆಯೇ ಅಲ್ಲ.

ಒಂದು ದಿನ ಮೊದಲ ಮನೆಯಲ್ಲಿ ಮೊಸರು ಕೆಟ್ಟಿತು. ಸೌಟು ಎತ್ತಿದರೆ ಮೊಸರೂ ಜೊತೆಗೇ ಎದ್ದು ಬಂತು, ಅಂಟಿನ ಹಾಗೆ, ಎಳೆ ಎಳೆಯಾಗಿ. ಆ ಮನೆಯಾಕೆ ಒಳ್ಳೆಯವಳೇ. ಮೊಸರು ಚೆಲ್ಲಲು ಮನಸ್ಸು ಬರಲಿಲ್ಲ. ಇಟ್ಟುಕೊಳ್ಳಲೂ ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಸಂಜೆಯಾಯಿತು. ಅದನ್ನೇ ಬಟ್ಟಲಿಗೆ ಹಾಕಿ, ದಿನಕ್ಕಿಂತ ಚೆಂದದ ಎಲೆ ಹುಡುಕಿ ಮುಚ್ಚಿದಳು. ಪಕ್ಕದ ಮನೆಯ ಹಾಲು ಗಟ್ಟಿ, ಅಲ್ಲಿ ಹೋದರೆ ಸರಿಯಾಗುತ್ತದೆ ಎಂದುಕೊಂಡಳು.

ಸರಿಯಾಗಲಿಲ್ಲ. ಹೆಪ್ಪಿನ ಗುಣವೇ ಅದು. ಚಮಚೆಯಷ್ಟು ಒಳಗೆ ಹೋಗಿ ಗಡಿಗೆ ಹಾಲನ್ನೆಲ್ಲ ತನ್ನ ಹಾಗೆ ಮಾಡಿಬಿಡುತ್ತದೆ. ಎರಡನೆಯ ಮನೆಯ ಗಟ್ಟಿ ಹಾಲೂ ಎಳೆ ಬಿಡುವುದನ್ನು ಕಲಿಯಿತು. ಅವಳೂ ಮೊದಲ ಮನೆಯಾಕೆಯ ಹಾಗೆಯೇ ಯೋಚನೆ ಮಾಡಿದಳು. ಬಟ್ಟಲು ಮೂರನೆಯ ಮನೆಗೆ ಹೋಯಿತು.

ಕೇರಿಗೆ ಒಬ್ಬ ಕಾವಲಿನವನಿದ್ದ. ಬೆಕ್ಕು ಓಡಿಸುವುದು, ಕಸ ಬಳಿಯುವುದು, ಕೆಟ್ಟ ಗಡಿಗೆಯನ್ನು ಬೆಂಕಿಗೆ ಹಿಡಿದು ಶುದ್ಧಮಾಡುವುದು ಅವನ ಕೆಲಸ. ಮೈಗಳ್ಳನಲ್ಲ. ವಾಸನೆ ಹಿಡಿದು ಬಂದವನೇ ಎಳೆ ಮೊಸರನ್ನು ತನ್ನ ಮಡಕೆಗೆ ಬಳಿದುಕೊಂಡ. ಬಾಗಿಲ ಮುಂದೆ ಬೆರಣಿ ಒಟ್ಟಿ ಬೆಂಕಿ ಹಾಕಿದ. ಆ ಮನೆಯ ಗಡಿಗೆ ಶುದ್ಧವಾಯಿತು. ಕೇರಿಯವರೆಲ್ಲ ಭಲೇ ಎಂದರು.

ಭಲೇ ಎಂದದ್ದೇ ಹೆಚ್ಚಾಯಿತು. ಮರುದಿನ ಇನ್ನೊಂದು ಮನೆಯ ಮುಂದೆ ಬೆಂಕಿ ಹಾಕಿದ, ಹಿಂದಿನದನ್ನು ಆರಿಸಲಿಲ್ಲ. ಅದರ ಮರುದಿನ ಮತ್ತೊಂದು. ಕೆಟ್ಟ ಗಡಿಗೆ ಸಿಕ್ಕದ ದಿನ ಒಳ್ಳೆಯ ಗಡಿಗೆಯನ್ನೇ ಕಾಯಿಸಿದ. ಎಷ್ಟೋ ಗಡಿಗೆಗಳು ಬಿರುಕುಬಿಟ್ಟವು. ಕೇರಿಯಲ್ಲೆಲ್ಲ ಕಾವು ಏರಿ, ಕೆಡದಿದ್ದ ಹಾಲೂ ಕೆಡತೊಡಗಿತು. ಹೊಗೆಗೆ ಕಣ್ಣುರಿದು ಬಟ್ಟಲಿನಲ್ಲಿ ಏನಿದೆ ಎಂದು ನೋಡಬೇಕೆನ್ನುವವರಿಗೂ ಕಾಣದಾಯಿತು.

ಪಾಪ, ದಣಿದಿದ್ದಾನೆ ಎಂದು ಹೆಂಗಸರು ಅವನಿಗೆ ಒಂದೊಂದು ಬಟ್ಟಲು ಪಾನಕ ಕೊಡುತ್ತಿದ್ದರು. ಅವನೂ ಅದೇ ಕೇರಿಯವನು. ಕುಡಿದ ಬಟ್ಟಲನ್ನು ಬರಿದಾಗಿ ಹೇಗೆ ಕೊಟ್ಟಾನು? ಹತ್ತಿರ ಬೇರೇನೂ ಇರಲಿಲ್ಲ. ತನ್ನ ಮಡಕೆಯಿಂದಲೇ ಒಂದು ಚಮಚೆ ತೆಗೆದು ಹಾಕಿ, ಎಲೆ ಮುಚ್ಚಿ, ಕೈಮುಗಿದು ಕೊಡುತ್ತಿದ್ದ. ಹೀಗೆ ಪಕ್ಕದ ಮನೆಯಿಂದ ಬಾರದಿದ್ದ ಕಡೆಗೂ ಎಳೆ ಮೊಸರು ಕಾವಲಿನವನ ಕೈಯಿಂದಲೇ ಹೋಗಿ ಸೇರಿತು.

ಕೊನೆಗೆ ಕೇರಿಯ ತುದಿಯ ಒಂದು ಮನೆ ಮಾತ್ರ ಉಳಿಯಿತು. ಆ ಮನೆಯಾಕೆಯ ಹತ್ತಿರ ಅತ್ತೆ ಕೊಟ್ಟ ಹೆಪ್ಪು ಇತ್ತು. ಅತ್ತೆಗೆ ಅವರ ಅತ್ತೆ ಕೊಟ್ಟದ್ದು. ದಿನವೂ ಹಾಲು ಕುಡಿಸಿ ಅದನ್ನು ಮಗುವಿನ ಹಾಗೆ ಸಾಕಿದ್ದಳು. ಹೊಗೆ ಹಿತ್ತಿಲವರೆಗೆ ಬಂದಾಗ ಅವಳು ಹೆಪ್ಪಿನ ಗಡಿಗೆಯನ್ನು ಒಳಕೋಣೆಗೆ ಸಾಗಿಸಿ ಯೋಚಿಸಿದಳು. ಇದೊಂದು ಹೋದರೆ ಕೇರಿಯಲ್ಲಿ ಹೆಪ್ಪು ಎನ್ನುವುದೇ ಉಳಿಯುವುದಿಲ್ಲ. ಪಕ್ಕದ ಮನೆಯ ಬಟ್ಟಲು ಇವತ್ತು ಬರುತ್ತದೆ. ಬೇಡ ಎಂದರೆ ಕೇರಿಯವರು ಮಾತಾಡಿಸುವುದಿಲ್ಲ. ಬೇಕು ಎಂದರೆ ಅತ್ತೆಯ ಹೆಪ್ಪು ಉಳಿಯುವುದಿಲ್ಲ.

ಸಂಜೆ ಪಕ್ಕದ ಮನೆಯಾಕೆ ಕೆಮ್ಮುತ್ತ ಬಂದಳು. ಬಟ್ಟಲು ಚಾಚಿದಳು. ತುದಿಮನೆಯಾಕೆ ಅವಳ ಎದುರಿಗೇ ಎಲೆ ಎತ್ತಿದಳು.

"ಅಯ್ಯೋ, ಇದೇನಕ್ಕಾ! ಎದುರಿಗೇ ಎಲೆ ಎತ್ತುತ್ತೀಯಲ್ಲ! ನಾನೇನು ಹಾವು ತಂದಿದ್ದೇನೆಯೇ?"

ತುದಿಮನೆಯಾಕೆ ಬೆರಳು ಅದ್ದಿ ಮೇಲಕ್ಕೆತ್ತಿದಳು. ಎಳೆ ಮೊಳದುದ್ದ ಬಂತು. "ಹಾವಲ್ಲ ತಂಗಿ, ಹಗ್ಗ. ನಿಮ್ಮ ಎಮ್ಮೆಯನ್ನು ಇದರಲ್ಲೇ ಕಟ್ಟಿಹಾಕಬಹುದು."

ಪಕ್ಕದ ಮನೆಯಾಕೆಗೆ ಸಿಟ್ಟೂ ಬಂತು, ನಗೆಯೂ ಬಂತು. ಎರಡರಲ್ಲಿ ಯಾವುದು ಎಂದು ಅವಳು ತೀರ್ಮಾನಿಸುವುದರೊಳಗೆ ತುದಿಮನೆಯಾಕೆ ಅದನ್ನು ತಿಪ್ಪೆಗೆ ಚೆಲ್ಲಿ, ಬಟ್ಟಲನ್ನು ಬೂದಿಯಲ್ಲಿ ತಿಕ್ಕಿ, ಬಿಸಿನೀರಲ್ಲಿ ತೊಳೆದು, ಬೋರಲಾಗಿ ಅವಳ ಕೈಗಿಟ್ಟಳು.

ಬರಿದು ಬಟ್ಟಲು! ಸುದ್ದಿ ಮೊಸರಿಗಿಂತ ಬೇಗ ಓಡಿತು. ಕೇರಿಗೆ ಕೇರಿಯೇ ಜಗಳಕ್ಕೆಂದು ತುದಿಮನೆಯ ಅಂಗಳಕ್ಕೆ ಬಂತು. ಹೊಗೆ ಕಡಿಮೆ ಇದ್ದದ್ದು ಅಲ್ಲೊಂದೇ ಕಡೆ. ಕಣ್ಣು ಒರೆಸಿಕೊಂಡು ನಿಂತವರು, ಕೈಯಲ್ಲೇ ಹಿಡಿದು ತಂದಿದ್ದ ತಮ್ಮ ತಮ್ಮ ಮನೆಯ ಬಟ್ಟಲನ್ನು ಎಲೆ ಎತ್ತಿ ಮೊದಲ ಸಲ ಬೆಳಕಿನಲ್ಲಿ ನೋಡಿದರು. ಜಗಳ ಎಲ್ಲಿಂದ ಶುರುಮಾಡುವುದೆಂದು ಯಾರಿಗೂ ತಿಳಿಯಲಿಲ್ಲ.

"ಅಣ್ಣಾ, ನಿನ್ನ ಬೆಂಕಿ ಕೇರಿಗೆ ಬೇಕು," ಎಂದಳು ತುದಿಮನೆಯಾಕೆ ಕಾವಲಿನವನಿಗೆ. "ಇಷ್ಟು ಬೇಡ. ಕೆಲಸ ಮುಗಿದ ಕಡೆ ಆರಿಸು. ಅದಕ್ಕೂ ಮೊದಲು ನಿನ್ನ ಮಡಕೆಯನ್ನು ಒಮ್ಮೆ ನೋಡಿಕೋ."

"ಹಗಲೆಲ್ಲ ಮೈಮುರಿದು ದುಡಿದವನಿಗೆ ಇದೇ ಏನು ಮರ್ಯಾದೆ?" ಎಂದು ಅವನು ಮಡಕೆಗೆ ಕೈಹಾಕಿದ. ಕೈ ಹಾಗೇ ಅಂಟಿಕೊಂಡಿತು. ಬಿಡಿಸಿಕೊಳ್ಳಲು ಇನ್ನೊಂದು ಕೈ ಹಾಕಿದ, ಅದೂ ಅಂಟಿತು. ಕೇರಿಯ ಮಕ್ಕಳು ಮೊದಲು ನಕ್ಕರು. ಆಮೇಲೆ ಎಲ್ಲರೂ. ಕೊನೆಗೆ ಅವನೂ.

ಅವತ್ತೇ ಬೆಂಕಿಗಳು ಆರಿದವು. ಗಡಿಗೆ ಕಾಯಿಸಲು ಸಣ್ಣದೊಂದನ್ನು ಉಳಿಸಿಕೊಂಡರು. ಮರುದಿನ ಸಂಜೆ ತುದಿಮನೆಯಿಂದ ಬಟ್ಟಲು ಹೊರಟಿತು. ಅದೇ ಬಟ್ಟಲು, ಅದೇ ಮುತ್ತುಗದ ಎಲೆ, ಒಳಗೆ ಅತ್ತೆಯ ಹೆಪ್ಪು. ಪ್ರತಿ ಮನೆಯಲ್ಲೂ ಎಲೆ ಎತ್ತಿ, "ಹಾವೋ, ಹಗ್ಗವೋ?" ಎಂದು ಕೇಳಿ ತೆಗೆದುಕೊಂಡರು. ಬಿರುಕುಬಿಟ್ಟ ಗಡಿಗೆಗಳು ಮತ್ತೆ ಕೂಡಲಿಲ್ಲ. ಉಳಿದವುಗಳಲ್ಲಿ ಮೊಸರು ಮತ್ತೆ ಮೊಸರಿನ ಹಾಗೆ ಹೆಪ್ಪುಗಟ್ಟಿತು. ಊರಿನವರು ಮಜ್ಜಿಗೆ ಕುಡಿದು ಊಟ ಮುಗಿಸಿದರು.

ದಾಕ್ಷಾಯಣಮ್ಮನವರು ಕತೆ ನಿಲ್ಲಿಸಿದರು. ಮುರಿಗೇಶನ ಮುಖ ಅರಳಿತ್ತು.

"ತಿಳಿಯಿತು ಅಮ್ಮಾ. ಮನೆಗಳೆಂದರೆ ಮಿದುಳಿನ ಕೋಶಗಳು. ಬಟ್ಟಲೆಂದರೆ ಕೋಶದಿಂದ ಕೋಶಕ್ಕೆ ಹೋಗುವ ಸಣ್ಣ ಗುಳ್ಳೆಗಳು. ಎಳೆ ಮೊಸರು ಎಂದರೆ ಸರಿಯಾಗಿ ಮಡಚಿಕೊಳ್ಳದೆ ಆಕಾರ ಕೆಟ್ಟ ಪ್ರೋಟೀನು, ಸರಿಯಾಗಿರುವುದನ್ನೂ ಅದು ತನ್ನ ಹಾಗೆ ಮಾಡುತ್ತದೆ. ಬೆಂಕಿ ಎಂದರೆ ಉರಿಯೂತ. ಕಾವಲಿನ ಕೋಶ ಕೆಟ್ಟದ್ದನ್ನು ಬಳಿದುಕೊಳ್ಳುತ್ತದೆ, ಬೆಂಕಿ ಆರಿಸುವುದನ್ನು ಮರೆಯುತ್ತದೆ, ತಾನೇ ಗುಳ್ಳೆಯಲ್ಲಿ ತುಂಬಿ ಹಂಚುತ್ತದೆ. ಹಾಗಾದರೆ ಬಟ್ಟಲುಗಳನ್ನೇ ಒಡೆದುಹಾಕಿದರೆ ಆಗದೇ?"

"ಒಳ್ಳೆಯ ಹೆಪ್ಪು ಯಾವುದರಲ್ಲಿ ಬಂತು?"

"ಹೌದಲ್ಲ, ಅದೇ ಬಟ್ಟಲಿನಲ್ಲಿ."

"ತಲೆಯೊಳಗಿನ ಕೇರಿಗೆ ಒಳ್ಳೆಯ ಹೆಪ್ಪು ತರುವ ಅಂಥ ತುದಿಮನೆಯ ಬಟ್ಟಲು ಯಾವುದೆಂದು ಸಂಶೋಧಕರು ಇನ್ನೂ ಹುಡುಕುತ್ತಿದ್ದಾರೆ. ಆದರೆ ಆ ಕೇರಿ ಎಲ್ಲಿದೆ, ಹೇಳು."

"ಒಂದೇ ತಲೆಯೊಳಗೆ, ಅಮ್ಮಾ. ಬಟ್ಟಲು ಓಡಾಡುವುದು ಆ ತಲೆಬುರುಡೆಯ ಒಳಗೇ. ಅಜ್ಜಿಯ ಕೈಯಿಂದ ಸೊಸೆಯ ತಟ್ಟೆಗೆ ಅದು ದಾಟುವುದಿಲ್ಲ." ಇಷ್ಟು ಹೇಳಿ ಮುರಿಗೇಶ ನಕ್ಕ. "ಆದರೂ ಆ ಮೊದಲ ಮನೆಯಾಕೆ ಎಂಥವಳು! ಒಳಗಿರುವುದು ಇನ್ನೊಬ್ಬರ ಮನೆಯಲ್ಲಿ ಏನು ಮಾಡೀತು ಎಂದು ಯೋಚಿಸದೆ, ಚೆಂದವಾಗಿ ಎಲೆ ಮುಚ್ಚಿ ಕಳಿಸಿಬಿಟ್ಟಳಲ್ಲ!"

ದಾಕ್ಷಾಯಣಮ್ಮನವರೂ ನಕ್ಕರು.

"ಬಳೆ ಅಂಗಡಿಯವರ ಮನೆಗೆ ಮೊನ್ನೆ ನೀನು ಕೊಟ್ಟು ಬಂದ ಬಟ್ಟಲಿನಲ್ಲಿ ಏನಿತ್ತು, ಮುರಿಗೇಶ?"

ಮುರಿಗೇಶ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಅಜ್ಜಿ ಸೌಟು ಹಿಡಿದು ಬಡಿಸಲು ನಿಲ್ಲುವ ಹೊತ್ತಿಗೆ ಸರಿಯಾಗಿ ಆ ಮನೆಯ ಕಡೆ ನಡೆದ.